ಜೋಗದಿಂದ ಮತ್ತೆ ಅಂಗಳಕ್ಕೆ: ಸ್ಲೈಡ್‌ಶೋ ಸುತ್ತುವ ಗುಟ್ಟು

ಜುಲೈ ತಿಂಗಳ ಒಂದು ಸಂಜೆ ಭಾವನ ಫೋನ್ ಬಂತು. ಹೊಸನಗರದ ಕಡೆ ಅವರದ್ದೊಂದು ಸಣ್ಣ ಹೋಂಸ್ಟೇ ಇದೆ. ಅದರ ವೆಬ್‌ಸೈಟ್ ಮಾಡಿಕೊಟ್ಟವನು ನಾನು. ಸಂಬಳ ಅಂದರೆ ವರ್ಷಕ್ಕೆ ಎರಡು ಭರಣಿ ಅಪ್ಪೆಮಿಡಿ ಉಪ್ಪಿನಕಾಯಿ. ಆಚೆ ಕಡೆ ಹಂಚಿನ ಮೇಲೆ ಮಳೆ ಬಾರಿಸುತ್ತಿತ್ತು, ಅರ್ಧ ಮಾತು ಕೇಳಿಸುತ್ತಿರಲಿಲ್ಲ. ಕೇಳಿಸಿದ್ದು ಇಷ್ಟು:

“ಎಂಥ ಮಾರಾಯ ಇದು? ಜೋಗ ಬಂದ್ಮೇಲೆ ಫೋಟೋಗಳೆಲ್ಲ ಹಿಂದಕ್ಕೆ ಓಡ್ತಾವಲ್ಲ! ನಮ್ಮನೆಗೆ ಬಂದೋರು ಬೆದರಿ ವಾಪಸ್ ಹೋದಂಗೆ ಕಾಣ್ತದೆ.”

ಶಿವಮೊಗ್ಗದ ರೂಮಿನಲ್ಲಿ ಕೂತು ನಾನೂ ಸೈಟ್ ತೆರೆದೆ. ಅವರು ಹೇಳಿದ್ದು ಸರಿಯೇ. ಮುಖಪುಟದ ಮೇಲ್ಗಡೆ ಐದು ಫೋಟೋ. ಮೊದಲು ಮನೆಯ ಅಂಗಳ, ಆಮೇಲೆ ಅಡಿಕೆ ತೋಟ, ಕೊಡಚಾದ್ರಿ, ಬಾಳೆಲೆ ಊಟ, ಕೊನೆಗೆ ಜೋಗ. ನಾಲ್ಕು ಸೆಕೆಂಡಿಗೊಂದರಂತೆ ಹಾಯಾಗಿ ಎಡಕ್ಕೆ ಜಾರುತ್ತವೆ. ಜೋಗ ಬಂತು, ನಿಂತಿತು. ಆಮೇಲೆ ಅರ್ಧ ಸೆಕೆಂಡಿನಲ್ಲಿ ಊಟ, ಕೊಡಚಾದ್ರಿ, ತೋಟ ಮೂರೂ ಕಲಸಿಹೋಗಿ ಬಲಕ್ಕೆ ಓಡಿದವು, ಅಂಗಳ ಬಂದು ನಿಂತಿತು.

ಹತ್ತು ನಿಮಿಷದ ಕೆಲಸ ಅಂದುಕೊಂಡೆ. ಮೂರು ಸಂಜೆ ಹಿಡಿಯಿತು. ಇದಕ್ಕೆ ಬೇಕಾದ ಕೋಡ್ ಹುಡುಕಿದರೆ ಎಲ್ಲಿ ಬೇಕಾದರೂ ಸಿಗುತ್ತದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಆ ಸಾಲುಗಳು ಯಾಕೆ ಅದೇ ಕ್ರಮದಲ್ಲಿ ಇರಬೇಕು ಅನ್ನೋದನ್ನು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. ನಾನು ಸಿಕ್ಕಿಬಿದ್ದಿದ್ದು ಅಲ್ಲೇ.

ಪಟ್ಟಿ ಮತ್ತು ಕಿಟಕಿ

ಸ್ಲೈಡ್‌ಶೋ ಅಂದರೆ ಒಂದು ಉದ್ದ ಪಟ್ಟಿ, ಒಂದು ಸಣ್ಣ ಕಿಟಕಿ. ಐದೂ ಫೋಟೋಗಳನ್ನು ಅಕ್ಕಪಕ್ಕ ಅಂಟಿಸಿದ ಪಟ್ಟಿ ಕಿಟಕಿಯ ಹಿಂದೆ ಇರುತ್ತದೆ. ಕಿಟಕಿಯ ಅಗಲ ಒಂದು ಫೋಟೋದಷ್ಟು ಮಾತ್ರ. ಹೊರಗೆ ಚಾಚಿಕೊಂಡಿದ್ದನ್ನು, ಪುಟದ ಅಂದ ಹೇಳುವ ಭಾಷೆಯಾದ ಸಿಎಸ್‌ಎಸ್‌ನ ‘ಓವರ್‌ಫ್ಲೋ ಹಿಡನ್’ ಮುಚ್ಚಿಡುತ್ತದೆ. ಪಟ್ಟಿಯನ್ನು ಒಂದು ಕಿಟಕಿಯಷ್ಟು ಎಡಕ್ಕೆ ಎಳೆದರೆ ಎರಡನೇ ಫೋಟೋ ಕಾಣುತ್ತದೆ, ಇನ್ನೊಂದು ಸಲ ಎಳೆದರೆ ಮೂರನೆಯದು. ಎಷ್ಟು ಎಳೆಯಬೇಕು ಅಂತ ಹೇಳುವುದು ‘ಟ್ರಾನ್ಸ್‌ಫಾರ್ಮ್’. ಎಷ್ಟು ಹೊತ್ತಿನಲ್ಲಿ ಎಳೆಯಬೇಕು ಅಂತ ಹೇಳುವುದು ‘ಟ್ರಾನ್ಸಿಷನ್’. ಪುಟಕ್ಕೆ ಕೆಲಸ ಹೇಳುವ ಭಾಷೆ ಜಾವಾಸ್ಕ್ರಿಪ್ಟ್, ಅದು ಇಲ್ಲಿ ಮಾಡುವುದು ಬಹಳ ಸಣ್ಣ ಕೆಲಸ. ಈಗ ಎಷ್ಟನೇ ಫೋಟೋ ಅಂತ ಒಂದು ಲೆಕ್ಕ ಇಟ್ಟುಕೊಂಡು, ಹೊತ್ತಿಗೆ ಸರಿಯಾಗಿ ಅದನ್ನು ಒಂದು ಹೆಚ್ಚಿಸುತ್ತದೆ.

ತೊಡಕು ಎಲ್ಲಿದೆ ಅನ್ನೋದು ಆಲೆಮನೆ ನೋಡಿದವರಿಗೆ ಬೇಗ ಹೊಳೆಯುತ್ತದೆ. ಗಾಣಕ್ಕೆ ಕಟ್ಟಿದ ಕೋಣ ಸುತ್ತುತ್ತಲೇ ಇರುತ್ತದೆ, ಅದರ ದಾರಿಗೆ ತುದಿ ಅಂತಿಲ್ಲ. ಅಡಿಕೆ ತೋಟದ ಸಾಲಿಗೆ ತುದಿ ಇದೆ. ಕೊನೇ ಮರ ಮುಟ್ಟಿದರೆ ಆಚೆ ಅಗಳ. ಮೊದಲ ಮರಕ್ಕೆ ಹೋಗಬೇಕು ಅಂದರೆ ಬಂದ ದಾರಿಯಲ್ಲೇ ವಾಪಸ್ ನಡೀಬೇಕು. ನೋಡುವವರಿಗೆ ನಾವು ಗಾಣದ ಸುತ್ತು ತೋರಿಸಬೇಕು, ನಮ್ಮ ಕೈಲಿರುವುದೋ ತೋಟದ ಸಾಲು.

ಹಾಗಾಗಿ ಬ್ರೌಸರ್ ಏನೂ ತಪ್ಪು ಮಾಡಿರಲಿಲ್ಲ. ಐದನೇ ಫೋಟೋದಲ್ಲಿ ಪಟ್ಟಿ ನಾಲ್ಕು ಕಿಟಕಿಯಷ್ಟು ಎಡಕ್ಕೆ, ಅಂದರೆ ಮೈನಸ್ 400 ಪರ್ಸೆಂಟ್‌ನಲ್ಲಿ ಇತ್ತು. ಮೊದಲನೆಯದಕ್ಕೆ ಹೋಗು ಅಂದೆ, ಅಂದರೆ ಸೊನ್ನೆಗೆ. ಅರ್ಧ ಸೆಕೆಂಡಿನಲ್ಲಿ ಹೋಗು ಅಂತಲೂ ನಾನೇ ಹೇಳಿಟ್ಟಿದ್ದೆ. ಅದು ಅರ್ಧ ಸೆಕೆಂಡಿನಲ್ಲಿ ನಾಲ್ಕು ಫೋಟೋ ದಾಟಿ ಓಡಿತು. ಹೇಳಿದ ಮಾತು ಕೇಳಿದ್ದಕ್ಕೆ ಬೈದರೆ ಹೇಗೆ?

ಅವಳಿಗಳ ಆಟ

ನೇರ ಪಟ್ಟಿಯನ್ನು ಸುತ್ತಿನ ಹಾಗೆ ತೋರಿಸಲು ಇರುವ ಹಳೆಯ ಉಪಾಯ ನಕಲು ಫೋಟೋದ್ದು. ಜೋಗದ ಆಚೆ, ಪಟ್ಟಿಯ ತುದಿಗೆ, ಅಂಗಳದ ಇನ್ನೊಂದು ಪ್ರತಿ ಅಂಟಿಸಬೇಕು. ಹಾಗೇ ಹಿಂದಕ್ಕೆ ಜಾರಿಸುವವರಿಗಾಗಿ ಅಂಗಳದ ಈಚೆ, ಪಟ್ಟಿಯ ತಲೆಗೆ, ಜೋಗದ ಒಂದು ಪ್ರತಿ. ಜಾವಾಸ್ಕ್ರಿಪ್ಟ್‌ನ ‘ಕ್ಲೋನ್‌ನೋಡ್’ ಇದನ್ನು ಒಂದು ಸಾಲಿನಲ್ಲಿ ಮಾಡಿಕೊಡುತ್ತದೆ. ಈಗ ಪಟ್ಟಿಯಲ್ಲಿ ಏಳು ಫೋಟೋ: ನಕಲಿ ಜೋಗ, ಅಂಗಳ, ತೋಟ, ಕೊಡಚಾದ್ರಿ, ಊಟ, ಜೋಗ, ನಕಲಿ ಅಂಗಳ. ಸ್ಥಾನಗಳನ್ನು ಸೊನ್ನೆಯಿಂದ ಎಣಿಸೋಣ. ಸೊನ್ನೆಯಲ್ಲಿ ನಕಲಿ ಜೋಗ, 1ರಲ್ಲಿ ಅಸಲಿ ಅಂಗಳ, 5ರಲ್ಲಿ ಅಸಲಿ ಜೋಗ, 6ರಲ್ಲಿ ನಕಲಿ ಅಂಗಳ. ಶುರುವಾಗುವುದು 1ರಿಂದ.

ಜೋಗ ಆದ ಮೇಲೆ ಪಟ್ಟಿ ಎಂದಿನಂತೆ ಎಡಕ್ಕೇ ಜಾರುತ್ತದೆ. ನಕಲಿ ಅಂಗಳ ಬಂದು ನಿಲ್ಲುತ್ತದೆ. ಜಗಲಿ ಕಟ್ಟೆ, ತುಳಸಿಕಟ್ಟೆ, ಮೂಲೆಯಲ್ಲಿ ಮಲಗಿದ ನಾಯಿ, ಎಲ್ಲ ಹಾಗ್ಹಾಗೇ. ಆ ಗಳಿಗೆಯಲ್ಲಿ ಟ್ರಾನ್ಸಿಷನ್ ಬಂದ್ ಮಾಡಿ, ಪಟ್ಟಿಯನ್ನು 6ರಿಂದ ಸೀದಾ 1ಕ್ಕೆ ಹಾರಿಸಬೇಕು. ಕಿಟಕಿಯಲ್ಲಿ ಒಂದು ಚುಕ್ಕಿಯೂ ಬದಲಾಗುವುದಿಲ್ಲ, ಯಾಕೆಂದರೆ ಎರಡೂ ಕಡೆ ಅದೇ ಅಂಗಳ. ಸ್ಕೂಲಿನಲ್ಲಿ ಅವಳಿ ಮಕ್ಕಳು ಜಾಗ ಬದಲಾಯಿಸಿ ಕೂತ ಹಾಗೆ. ಮೇಷ್ಟರು ಬೋರ್ಡಿನಿಂದ ತಿರುಗಿ ನೋಡಿದರೆ ಎಲ್ಲ ಮೊದಲಿನಂತೆಯೇ ಇದೆ.

ಕಣ್ಣಿಗೆ ಮಣ್ಣೆರಚುವ ಕೆಲಸವೇ, ಅನುಮಾನ ಇಲ್ಲ. ಆದರೆ ಮಣ್ಣೆರಚಿದ್ದು ಗೊತ್ತಾಗಬಾರದು. ನನಗೆ ಸಂಜೆಗಳು ಹೋಗಿದ್ದು ಆ ಒಂದು ಗಳಿಗೆಯ ಮೇಲೆ.

ಪೇಟೆಗೆ ಹೋಗುವವನ ಚೀಟಿ

ಮೊದಲ ಸಲ ನಾನು ಬರೆದ ಕ್ರಮ ಹೀಗಿತ್ತು. ಟ್ರಾನ್ಸಿಷನ್ ಬಂದ್ ಮಾಡು. ಪಟ್ಟಿಯನ್ನು 1ನೇ ಸ್ಥಾನಕ್ಕೆ ತಾ. ಟ್ರಾನ್ಸಿಷನ್ ಮತ್ತೆ ಹಾಕು. ಓದಲು ಸರಿಯಾಗಿಯೇ ಇದೆ, ಅಲ್ವಾ? ಓಡಿಸಿದೆ. ಫೋಟೋಗಳು ಮತ್ತೆ ಹಿಂದಕ್ಕೆ ಓಡಿದವು. ಮೊದಲಿಗಿಂತ ಜೋರಾಗಿ, ಈಗ ದಾರಿ ಒಂದು ಫೋಟೋ ಜಾಸ್ತಿ ಬೇರೆ.

ಯಾಕೆ ಅನ್ನೋದಕ್ಕೆ ಭಾವನ ಮನೆಯದ್ದೇ ಉದಾಹರಣೆ ಕೊಡುತ್ತೇನೆ. ಅವರ ಮನೆಯಿಂದ ಪೇಟೆ ದೂರ. ಒಂದೊಂದು ಸಾಮಾನಿಗೂ ಯಾರೂ ಓಡುವುದಿಲ್ಲ. ಅಡುಗೆಮನೆಯ ಗೋಡೆಗೆ ಒಂದು ಚೀಟಿ ಸಿಕ್ಕಿಸಿಟ್ಟಿರುತ್ತಾರೆ. ಅಕ್ಕ ಬೆಳಿಗ್ಗೆ ‘ಸಕ್ಕರೆ’ ಅಂತ ಬರೆಯುತ್ತಾಳೆ, ಮಧ್ಯಾಹ್ನ ಅದನ್ನು ಹೊಡೆದು ‘ಬೆಲ್ಲ’ ಅಂತ ಬರೆಯುತ್ತಾಳೆ, ಸಂಜೆ ಮತ್ತೆ ‘ಸಕ್ಕರೆ’. ಭಾವ ಹೊರಡುವಾಗ ಚೀಟಿಯಲ್ಲಿ ಕೊನೆಗೆ ಏನಿದೆಯೋ ಅದನ್ನಷ್ಟೇ ತರುತ್ತಾರೆ. ನಡುವೆ ಬೆಲ್ಲ ಅಂತ ಬರೆದಿತ್ತು ಅನ್ನೋದು ಅವರಿಗೆ ಗೊತ್ತೇ ಆಗುವುದಿಲ್ಲ.

ಬ್ರೌಸರ್ ಕೂಡ ಹೀಗೇ. ಜಾವಾಸ್ಕ್ರಿಪ್ಟ್ ಒಂದೊಂದು ಸಾಲಿನಲ್ಲಿ ಏನಾದರೂ ಬದಲಾಯಿಸಿದಾಗಲೆಲ್ಲ ಅದು ಎದ್ದು ಪರದೆ ಬಳಿಯುವುದಿಲ್ಲ. ಎಲ್ಲ ಬದಲಾವಣೆಯನ್ನೂ ಚೀಟಿಯಲ್ಲಿ ಬರೆದುಕೊಂಡು, ಸ್ಕ್ರಿಪ್ಟ್ ಉಸಿರು ಬಿಟ್ಟ ಮೇಲೆ ಒಂದೇ ಸಲ ಲೆಕ್ಕ ಹಾಕುತ್ತದೆ. ಆಗ ಚೀಟಿಯಲ್ಲಿ ಏನಿರುತ್ತದೆ? ‘ಟ್ರಾನ್ಸಿಷನ್ ಇದೆ, ಜಾಗ 6ರಿಂದ 1ಕ್ಕೆ ಬದಲಾಗಿದೆ.’ ಬಂದ್ ಮಾಡಿದ್ದ ಸುದ್ದಿ ಬೆಲ್ಲದ ಹಾಗೆ ಹೊಡೆದುಹೋಗಿದೆ. ಟ್ರಾನ್ಸಿಷನ್ ಇದೆ, ಜಾಗ ಬದಲಾಗಿದೆ ಅಂದ ಮೇಲೆ ಓಡಿಸಲೇಬೇಕಲ್ಲ, ಓಡಿಸುತ್ತದೆ.

ಇದಕ್ಕೆ ಮದ್ದು ವಿಚಿತ್ರವಾಗಿದೆ. ಎರಡನೇ ಮತ್ತು ಮೂರನೇ ಹೆಜ್ಜೆಯ ನಡುವೆ ಬ್ರೌಸರನ್ನು ಸುಮ್ನೆ ಒಂದು ಪ್ರಶ್ನೆ ಕೇಳಬೇಕು: ‘ಈ ಪಟ್ಟಿಯ ಅಗಲ ಈಗ ಎಷ್ಟಿದೆ?’ ‘ಆಫ್‌ಸೆಟ್‌ವಿಡ್ತ್’ ಅನ್ನುವ ಬೆಲೆಯನ್ನು ಓದಿದರೆ ಸಾಕು. ಉತ್ತರ ನಮಗೆ ಬೇಕಾಗಿಲ್ಲ. ಆದರೆ ಸರಿಯಾದ ಉತ್ತರ ಕೊಡಬೇಕಾದರೆ ಬ್ರೌಸರ್ ಚೀಟಿಯಲ್ಲಿ ಅಲ್ಲಿಯವರೆಗೆ ಇದ್ದ ಎಲ್ಲವನ್ನೂ ಅಲ್ಲೇ ಚುಕ್ತಾ ಮಾಡಬೇಕಾಗುತ್ತದೆ. ಟ್ರಾನ್ಸಿಷನ್ ಬಂದ್ ಇರುವಾಗಲೇ ಪಟ್ಟಿ 1ಕ್ಕೆ ಬಂದು ಕೂತಿತು ಅಂತ ಖಾತೆಗೆ ಏರುತ್ತದೆ. ಅದಾದ ಮೇಲೆ ಟ್ರಾನ್ಸಿಷನ್ ಹಾಕಿದರೆ ಓಡಲು ಏನೂ ಉಳಿದಿರುವುದಿಲ್ಲ. ಇದನ್ನು ಫೋರ್ಸ್ಡ್ ರೀಫ್ಲೋ ಅನ್ನುತ್ತಾರೆ. ಪುಟ ದೊಡ್ಡದಿದ್ದು, ಇದನ್ನು ಒಂದು ಲೂಪಿನೊಳಗೆ ನೂರಾರು ಸಲ ಮಾಡಿದರೆ ಸೈಟ್ ಕುಂಟುತ್ತದೆ. ಒಂದು ಸುತ್ತಿಗೆ ಒಂದು ಸಲ ಮಾಡಿದರೆ ಯಾವ ನಷ್ಟವೂ ಇಲ್ಲ.

ಬೇರೆಯವರ ಕೋಡಿನಲ್ಲಿ ಈ ಸಾಲು ಒಂಟಿಯಾಗಿ ಕೂತಿರುವುದನ್ನು ನೀವು ನೋಡಿರಬಹುದು. ಅಗಲ ಓದುತ್ತಾರೆ, ಯಾವುದರಲ್ಲೂ ಇಟ್ಟುಕೊಳ್ಳುವುದಿಲ್ಲ. ಬೇಡದ ಸಾಲು ಅಂತ ನಾನೇ ಒಂದೆರಡು ಸಲ ಅಳಿಸಿದ್ದೂ ಇದೆ. ಆಮೇಲೆ ಕೆಟ್ಟಿದ್ದು ಯಾಕೆ ಅಂತ ಅರ್ಧ ದಿನ ತಲೆ ಕೆರೆದುಕೊಂಡಿದ್ದೂ ಇದೆ.

ಲೆಕ್ಕದ ಒಂದು ಸಣ್ಣ ಮುಳ್ಳು ಇಲ್ಲೇ ಇದೆ. ಫೋಟೋ ಕೆಳಗೆ ಐದು ಚುಕ್ಕಿ ಇಡುತ್ತೇವಲ್ಲ, ಯಾವುದು ಹೊಳೆಯಬೇಕು ಅಂತ ತಿಳಿಯಲು ಸ್ಥಾನದಿಂದ ಒಂದು ಕಳೆದು 5ರಿಂದ ಭಾಗಿಸಿ ಶೇಷ ತೆಗೆದುಕೊಳ್ಳುತ್ತೇವೆ. ನಕಲಿ ಜೋಗದ ಸ್ಥಾನ ಸೊನ್ನೆ, ಒಂದು ಕಳೆದರೆ ಮೈನಸ್ 1. ಜಾವಾಸ್ಕ್ರಿಪ್ಟ್‌ನಲ್ಲಿ ಮೈನಸ್ 1ಕ್ಕೆ 5ರ ಶೇಷ ಕೇಳಿದರೆ ಮೈನಸ್ 1 ಅಂತಲೇ ಹೇಳುತ್ತದೆ. ಮೈನಸ್ 1ನೇ ಚುಕ್ಕಿ ಅಂತ ಒಂದಿಲ್ಲ. ಮೊದಲು 5 ಕೂಡಿಸಿಕೊಂಡು ಆಮೇಲೆ ಶೇಷ ತೆಗೆದರೆ 4 ಬರುತ್ತದೆ. ಸೊನ್ನೆಯಿಂದ ಎಣಿಸಿದರೆ ಅದೇ ಐದನೇ ಚುಕ್ಕಿ, ಜೋಗದ್ದು.

ಭಾವನ ಕಂಪ್ಯೂಟರಿನಲ್ಲಿ ಖಾಲಿ ಪರದೆ

ಎಲ್ಲ ಸರಿಹೋಯಿತು ಅಂತ ಹೇಳಿ ಎರಡು ದಿನ ಆಗಿರಲಿಲ್ಲ. ಮತ್ತೆ ಫೋನ್. “ಫೋಟೋನೇ ಇಲ್ಲ ಮಾರಾಯ, ಬರೀ ಬಿಳಿ!” ನನ್ನ ಲ್ಯಾಪ್‌ಟಾಪಿನಲ್ಲಿ ಎಷ್ಟು ಹೊತ್ತು ನೋಡಿದರೂ ಚೆನ್ನಾಗೇ ಓಡುತ್ತಿತ್ತು. ನೆಟ್ ಹೋಗಿರಬೇಕು, ಕರೆಂಟ್ ಹೋಗಿರಬೇಕು ಅಂತ ನಾನು, ಎರಡೂ ಇದೆ ಅಂತ ಅವರು. ಕೊನೆಗೆ ಅವರು ಏನು ಮಾಡುತ್ತಾರೆ ಅಂತ ಒಂದೊಂದಾಗಿ ಕೇಳಿದೆ. ಬೆಳಿಗ್ಗೆ ಸೈಟ್ ತೆರೆದಿಡುತ್ತಾರೆ. ಅದರ ಪಕ್ಕದ ಟ್ಯಾಬಿನಲ್ಲಿ ಬುಕಿಂಗ್ ಮೇಲ್ ನೋಡುತ್ತಾರೆ. ಕಾಫಿ ಕುಡಿದು ಬಂದು ಸೈಟಿನ ಟ್ಯಾಬ್ ಒತ್ತಿದರೆ ಬಿಳಿ ಪರದೆ.

ಪಕ್ಕದ ಟ್ಯಾಬ್ ಅಂದ ಕೂಡಲೇ ಬೆಳಕಾಯಿತು. ಕಾಣದ ಟ್ಯಾಬಿನಲ್ಲಿ ಬ್ರೌಸರ್ ಚಿತ್ರ ಬಳಿಯುವ ಕೆಲಸವನ್ನು ನಿಲ್ಲಿಸಿಬಿಡುತ್ತದೆ. ಬ್ಯಾಟರಿ ಉಳಿಯಲಿ ಅಂತ. ಆದರೆ ‘ಸೆಟ್‌ಇಂಟರ್ವಲ್’ ಅನ್ನುವ, ಹೊತ್ತುಹೊತ್ತಿಗೆ ಫೋಟೋ ಬದಲಾಯಿಸು ಅಂತ ಹೇಳುವ ಗಡಿಯಾರವನ್ನು ಪೂರ್ತಿ ನಿಲ್ಲಿಸುವುದಿಲ್ಲ, ನಿಧಾನ ಮಾಡುತ್ತದೆ ಅಷ್ಟೆ. ಸಾಮಾನ್ಯವಾಗಿ ಸೆಕೆಂಡಿಗೆ ಒಂದು ಸಲಕ್ಕಿಂತ ಜಾಸ್ತಿ ಬಡಿಯಲು ಬಿಡುವುದಿಲ್ಲ. ಕ್ರೋಮ್ 2021ರಿಂದ ಇನ್ನೂ ಬಿಗಿ ಮಾಡಿದೆ. ಟ್ಯಾಬ್ 5 ನಿಮಿಷಕ್ಕಿಂತ ಜಾಸ್ತಿ ಮರೆಯಲ್ಲಿದ್ದು, ಸದ್ದೇನೂ ಮಾಡದಿದ್ದರೆ ನಿಮಿಷಕ್ಕೆ ಒಂದೇ ಬಡಿತ.

ನನ್ನ ಗಡಿಯಾರ ನಾಲ್ಕು ಸೆಕೆಂಡಿನದ್ದು. ಹಾಗಾಗಿ ಮೊದಲ 5 ನಿಮಿಷ ಅದಕ್ಕೆ ಯಾವ ಅಡ್ಡಿಯೂ ಇಲ್ಲ, 75 ಸಲ ಬಡಿಯಿತು. 75 ಸಲವೂ ಸ್ಥಾನ ಒಂದೊಂದು ಹೆಚ್ಚಿತು. ವಾಪಸ್ 1ಕ್ಕೆ ಹಾರಿಸುವ ಕೆಲಸವನ್ನು ನಾನು ‘ಟ್ರಾನ್ಸಿಷನ್‌ಎಂಡ್’ ಅನ್ನುವ ಈವೆಂಟಿಗೆ ಒಪ್ಪಿಸಿದ್ದೆ. ಜಾರಾಟ ಮುಗಿದಾಗ ಬ್ರೌಸರ್ ಕೊಡುವ ಸುದ್ದಿ ಅದು. ಬಳಿಯುವುದೇ ನಿಂತ ಮೇಲೆ ಜಾರಾಟ ಎಲ್ಲಿಂದ, ಮುಗಿಯುವುದು ಎಲ್ಲಿಂದ? ಸುದ್ದಿ ಬರಲೇ ಇಲ್ಲ, ಹಾರಿಸುವವನೂ ಏಳಲಿಲ್ಲ. ಭಾವ ಕಾಫಿ ಮುಗಿಸಿ ಬರುವಷ್ಟರಲ್ಲಿ ಏಳು ಫೋಟೋದ ಪಟ್ಟಿಯಲ್ಲಿ ಸ್ಥಾನ ಎಪ್ಪತ್ತು ದಾಟಿತ್ತು. ತೋಟದ ಸಾಲು, ಅಗಳ, ಆಚೆಯ ಗದ್ದೆ ಎಲ್ಲ ದಾಟಿ ಪಟ್ಟಿ ಎಲ್ಲೋ ಹೋಗಿತ್ತು.

ಈ ‘ಟ್ರಾನ್ಸಿಷನ್‌ಎಂಡ್’ ಅಷ್ಟೊಂದು ನಂಬುವ ಆಸಾಮಿ ಅಲ್ಲ. ಜಾರಾಟ ನಡುವೆ ರದ್ದಾದರೆ ಬರುವುದಿಲ್ಲ. ಪಟ್ಟಿಯನ್ನು ಯಾರಾದರೂ ಪುಟದಿಂದ ಮರೆಮಾಡಲು ‘ಡಿಸ್‌ಪ್ಲೇ ನನ್’ ಮಾಡಿದರೆ ಬರುವುದಿಲ್ಲ. ಕೆಲವು ಸಲ ಬೇಡದಿದ್ದರೂ ಬರುತ್ತದೆ. ಫೋಟೋ ಮೇಲಿನ ಶೀರ್ಷಿಕೆಗೆ ಬಣ್ಣ ಬದಲಾಗುವ ಟ್ರಾನ್ಸಿಷನ್ ಹಾಕಿದ್ದರೆ, ಅದು ಮುಗಿದ ಸುದ್ದಿಯೂ ಒಳಗಿನಿಂದ ಮೇಲಕ್ಕೇರಿ ಪಟ್ಟಿಯ ಕಿವಿಗೆ ಬೀಳುತ್ತದೆ. ಸುದ್ದಿ ತಂದದ್ದು ಪಟ್ಟಿಯೇನಾ, ಮುಗಿದದ್ದು ಟ್ರಾನ್ಸ್‌ಫಾರ್ಮ್ ತಾನಾ ಅಂತ ಎರಡನ್ನೂ ಕೇಳಿಕೊಂಡೇ ಮುಂದುವರಿಯಬೇಕು.

ನಾನು ಆಮೇಲೆ ಕ್ರಮವನ್ನೇ ತಿರುಗಿಸಿದೆ. ತಲುಪಿದ ಮೇಲೆ ಹಾರಿಸುವುದನ್ನು ಬಿಟ್ಟು, ಹೊರಡುವ ಮೊದಲು ಹಾರಿಸಿದೆ. ಮುಂದಿನ ಫೋಟೋಗೆ ಹೋಗುವ ಫಂಕ್ಷನ್ ಎದ್ದ ಕೂಡಲೇ ಮೊದಲು ಕೇಳುವುದು ಇಷ್ಟೇ: ನಾನು ನಕಲಿಯ ಮೇಲೆ ನಿಂತಿದ್ದೇನಾ? ಹೌದಾದರೆ ಮೊದಲು ಸದ್ದಿಲ್ಲದೆ ಅಸಲಿಗೆ ಹಾರು, ಅಗಲ ಓದು, ಟ್ರಾನ್ಸಿಷನ್ ಹಾಕು, ಆಮೇಲೆ ಒಂದು ಹೆಜ್ಜೆ ಇಡು. ನಕಲಿ ಅಂಗಳದ ಮೇಲೆ ನಾಲ್ಕು ಸೆಕೆಂಡ್ ನಿಂತರೆ ಯಾರಿಗೆ ಏನು ನಷ್ಟ? ನೋಡುವವರಿಗೆ ಅದೂ ಅಂಗಳವೇ. ಈ ದಾರಿಯಲ್ಲಿ ಯಾವ ಸುದ್ದಿಗೂ ಕಾಯಬೇಕಾಗಿಲ್ಲ, ಟ್ಯಾಬ್ ಮರೆಯಲ್ಲಿದ್ದರೂ ಸ್ಥಾನ 6ನ್ನು ಮೀರಿ ಹೋಗುವುದಿಲ್ಲ. ಬಹಳ ಕಡೆ ಕಾಣುವುದು ಆ ಇನ್ನೊಂದು ಕ್ರಮ. ನನ್ನ ಮಟ್ಟಿಗೆ ಇದೇ ವಾಸಿ.

ಅದರ ಜೊತೆಗೆ ‘ವಿಸಿಬಿಲಿಟಿ ಚೇಂಜ್’ ಈವೆಂಟ್ ಹಿಡಿದು, ಟ್ಯಾಬ್ ಮರೆಗೆ ಹೋದಾಗ ಗಡಿಯಾರ ನಿಲ್ಲಿಸಿ, ಬಂದಾಗ ಮತ್ತೆ ಶುರು ಮಾಡಿದೆ. ನೋಡುವವರೇ ಇಲ್ಲದಾಗ ಆಟ ಯಾರಿಗೆ?

ಬಾಣದ ಗುಂಡಿಯನ್ನು ಟಪಟಪ ಒತ್ತುವವರೂ ಇರುತ್ತಾರೆ. ಭಾವನ ಮಗಳೇ ಹಾಗೆ. ಜೋಗದಿಂದ ನಕಲಿ ಅಂಗಳಕ್ಕೆ ಅರ್ಧ ದಾರಿಯಲ್ಲಿರುವಾಗ ಮತ್ತೆ ಒತ್ತಿದರೆ, ಪಟ್ಟಿ ಅರ್ಧದಿಂದಲೇ 1ಕ್ಕೆ ಹಾರಿ ಕಣ್ಣಿಗೆ ಒಂದು ಜರ್ಕ್ ಹೊಡೆಯುತ್ತದೆ. ಜಾರಾಟ ನಡೆಯುವ ಅರ್ಧ ಸೆಕೆಂಡು ಒತ್ತಿದ್ದನ್ನು ಕಿವಿಗೆ ಹಾಕಿಕೊಳ್ಳದಿದ್ದರೆ ಆಯಿತು. ಆದರೆ ಆ ಬೀಗ ತೆಗೆಯುವ ಕೆಲಸವನ್ನು ಮತ್ತೆ ‘ಟ್ರಾನ್ಸಿಷನ್‌ಎಂಡ್’ ಕೈಗೆ ಕೊಡಬೇಡಿ. ಸುದ್ದಿ ಬರದೇ ಹೋದ ದಿನ ಗುಂಡಿ ಶಾಶ್ವತವಾಗಿ ಬೀಗ ಬಿದ್ದ ಬಾಗಿಲೇ. ಇಷ್ಟು ಹೊತ್ತಾದ ಮೇಲೆ ಮಾಡು ಅನ್ನುವ ಒಂದು ಸಾದಾ ‘ಸೆಟ್‌ಟೈಮೌಟ್’ ಸಾಕು.

ಫೋಟೋ ಭಾರವಾದರೆ

ಸುತ್ತು ಸರಿಯಿದ್ದೂ ಜಾರಾಟ ತಡವರಿಸುತ್ತಿದ್ದರೆ ಬೇರೆ ಎರಡು ಕಡೆ ನೋಡಬೇಕು.

ಒಂದು, ಪಟ್ಟಿಯನ್ನು ಯಾವುದರಿಂದ ಎಳೆಯುತ್ತಿದ್ದೀರಿ ಅನ್ನೋದು. ‘ಲೆಫ್ಟ್’ ಅಥವಾ ‘ಮಾರ್ಜಿನ್’ ಬದಲಾಯಿಸಿ ಎಳೆದರೆ, ಪ್ರತಿ ಚೂರು ಚಲನೆಗೂ ಬ್ರೌಸರ್ ಪುಟದಲ್ಲಿ ಯಾವುದು ಎಲ್ಲಿ ಕೂರಬೇಕು ಅಂತ ಹೊಸದಾಗಿ ಲೆಕ್ಕ ಹಾಕಬೇಕು. ಸಾಮಾನ್ಯ ಪರದೆ ಸೆಕೆಂಡಿಗೆ 60 ಸಲ ಹೊಸ ಚಿತ್ರ ಬಳಿಯುತ್ತದೆ. ಅಂದರೆ ಒಂದು ಚಿತ್ರಕ್ಕೆ ಸಿಗುವ ಸಮಯ ಸುಮಾರು 16.7 ಮಿಲಿಸೆಕೆಂಡ್. ಅಷ್ಟರಲ್ಲಿ ಲೆಕ್ಕ ಮುಗಿಯದಿದ್ದರೆ ಒಂದು ಚಿತ್ರ ತಪ್ಪಿತು, ಕಣ್ಣಿಗೆ ಮುಗ್ಗರಿಸಿದ ಹಾಗೆ ಕಾಣುತ್ತದೆ. ‘ಟ್ರಾನ್ಸ್‌ಫಾರ್ಮ್’ ಮತ್ತು ಎಷ್ಟು ಗಾಢ ಕಾಣಬೇಕು ಅಂತ ಹೇಳುವ ‘ಒಪ್ಯಾಸಿಟಿ’ ಎರಡಕ್ಕೆ ಈ ಲೆಕ್ಕ ಬೇಕಾಗುವುದಿಲ್ಲ. ಒಮ್ಮೆ ಬಳಿದಿಟ್ಟ ಚಿತ್ರವನ್ನು ಜಿಪಿಯು ಅನ್ನುವ ಚಿತ್ರಗಳ ಚಿಪ್ ಎತ್ತಿ ಸರಿಸುತ್ತದೆ ಅಷ್ಟೆ. ಪಿಕ್ಸೆಲ್ ಬದಲು ಪರ್ಸೆಂಟ್‌ನಲ್ಲಿ ಸರಿಸಿದರೆ ಇನ್ನೂ ಒಂದು ಲಾಭ. ಮೊಬೈಲ್ ಅಡ್ಡ ತಿರುಗಿಸಿದಾಗ ಎರಡು ಫೋಟೋ ಅರ್ಧರ್ಧ ಕಾಣುವ ಪೇಚಾಟ ಇರುವುದಿಲ್ಲ.

ಎರಡನೆಯದು ಫೋಟೋಗಳದ್ದೇ ತೂಕ. ಭಾವ ಕಳಿಸಿದ ಜೋಗದ ಫೋಟೋ 4000 ಪಿಕ್ಸೆಲ್ ಅಗಲ, 3000 ಎತ್ತರ. ಫೈಲ್ ನೋಡಿದರೆ 3 ಎಂಬಿ, ಅದೇನು ಮಹಾ ಅನ್ನಿಸುತ್ತದೆ. ಆದರೆ ಜೆಪೆಗ್ ಅನ್ನೋದು ಮಡಚಿಟ್ಟ ಕಂಬಳಿ. ಪರದೆಗೆ ಹಾಸಬೇಕಾದರೆ ಬಿಚ್ಚಲೇಬೇಕು. ಬಿಚ್ಚಿದಾಗ ಒಂದೊಂದು ಪಿಕ್ಸೆಲ್‌ಗೆ 4 ಬೈಟ್ ಬೇಕು. 4000ವನ್ನು 3000ದಿಂದ ಗುಣಿಸಿ, ಮತ್ತೆ 4ರಿಂದ ಗುಣಿಸಿ ನೋಡಿ. 4 ಕೋಟಿ 80 ಲಕ್ಷ ಬೈಟ್, ಸರಿಸುಮಾರು 48 ಎಂಬಿ. ಅದೂ ಒಂದು ಫೋಟೋಗೆ! ಅಗಲವನ್ನು 1200ಕ್ಕೆ ಇಳಿಸಿದರೆ ಎತ್ತರ 900, ಬಿಚ್ಚಿದ ತೂಕ 4.3 ಎಂಬಿ. ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ, ಸಾದಾ ಫೋನಿಗೆ ಮಾತ್ರ ಉಸಿರಾಡಲು ಆಗುತ್ತದೆ. ಬಿಚ್ಚುವ ಕೆಲಸ ಜಾರಾಟದ ನಡುವೆ ಆಗಬಾರದು ಅಂದರೆ, ಚಿತ್ರದ ‘ಡೀಕೋಡ್’ ಕರೆದು, ಅದು ಸೈ ಅಂದ ಮೇಲೆ ಪಟ್ಟಿ ಸರಿಸಬಹುದು.

ಮಲೆನಾಡಿನ ನೆಟ್‌ವರ್ಕ್ ಗೊತ್ತಿರುವವರು ‘ಲೋಡಿಂಗ್ ಲೇಜಿ’ ಹಾಕಲು ಹೋಗುತ್ತಾರೆ. ಕಾಣುವ ಹೊತ್ತಿಗೆ ಮಾತ್ರ ಫೋಟೋ ಇಳಿಯಲಿ ಅಂತ. ಪುಟದ ಕೆಳಗಿನ ಫೋಟೋಗಳಿಗೆ ಅದು ಸರಿ. ಈ ಪಟ್ಟಿಗೆ ಬೇಡ. ಜಾರಿ ಬಂದ ಫೋಟೋ ಒಂದು ಕ್ಷಣ ಖಾಲಿಯಾಗಿ ಬಂದು ಆಮೇಲೆ ತುಂಬಿಕೊಂಡರೆ, ಅವಳಿಗಳ ಆಟವೂ ಬಯಲಾಗುತ್ತದೆ.

ನಿಲ್ಲದೆ ಹರಿಯುವ ಪಟ್ಟಿ

ಮುಖಪುಟದ ಕೆಳಗೆ ಭಾವನಿಗೆ ಇನ್ನೊಂದು ಬೇಕಿತ್ತು. ಕಾಳುಮೆಣಸು, ಏಲಕ್ಕಿ, ಹಲಸಿನ ಹಪ್ಪಳ, ಕಳಲೆ ಹೀಗೆ ಎಂಟು ಸಣ್ಣ ಚಿತ್ರಗಳು ಎಲ್ಲೂ ನಿಲ್ಲದೆ ಹೊಳೆಯ ಹಾಗೆ ಹರಿಯುತ್ತಿರಬೇಕು. ಹಿಂದೆ ‘ಮಾರ್ಕೀ’ ಟ್ಯಾಗ್ ಹಾಕಿ ಅಕ್ಷರ ಓಡಿಸುತ್ತಿದ್ದ ಕಾಲ ನೆನಪಿದ್ದವರಿಗೆ ನಗು ಬರಬಹುದು. ಇದಕ್ಕೆ ಜಾವಾಸ್ಕ್ರಿಪ್ಟ್ ಬೇಕೇ ಇಲ್ಲ. ಎಂಟನ್ನೂ ಎರಡು ಸಲ ಅಂಟಿಸಿ ಹದಿನಾರು ಮಾಡಿ, ಸಿಎಸ್‌ಎಸ್ ಅನಿಮೇಷನ್‌ನಲ್ಲಿ ಪಟ್ಟಿಯನ್ನು ಅದರ ಅರ್ಧದಷ್ಟು ಎಳೆದು, ಮತ್ತೆ ಸೊನ್ನೆಯಿಂದ ಶುರು ಮಾಡಬೇಕು. ಅರ್ಧ ದಾಟಿದಾಗ ಎರಡನೇ ಗುಂಪು ಮೊದಲನೆಯದರ ಜಾಗದಲ್ಲೇ ಇರುತ್ತದೆ. ವೇಗ ‘ಲೀನಿಯರ್’, ಅಂದರೆ ಉದ್ದಕ್ಕೂ ಒಂದೇ ಸಮ, ಇರಬೇಕು, ಇಲ್ಲದಿದ್ದರೆ ಪ್ರತಿ ಸುತ್ತಿಗೂ ನಿಧಾನವಾಗಿ ಮತ್ತೆ ಹೊರಟ ಹಾಗೆ ಕಾಣುತ್ತದೆ.

ಅಷ್ಟು ಮಾಡಿಯೂ ನನ್ನ ಪಟ್ಟಿ ಪ್ರತಿ ಸುತ್ತಿಗೆ ಒಂದು ಸಲ ಬಿಕ್ಕಳಿಸುತ್ತಿತ್ತು. ಕಾಣಿಸಿತೋ ಇಲ್ಲವೋ ಅನ್ನುವಷ್ಟು. ಕಾಗದ ಪೆನ್ನು ಹಿಡಿದು ಕೂತೆ. ಒಂದು ಚಿತ್ರ 200 ಪಿಕ್ಸೆಲ್, ನಡುವೆ 20 ಪಿಕ್ಸೆಲ್ ಸಂದು. ಹದಿನಾರು ಚಿತ್ರಕ್ಕೆ 3200. ಸಂದು ಎಷ್ಟು? ಹದಿನಾರು ಚಿತ್ರಗಳ ನಡುವೆ ಇರುವುದು ಹದಿನೈದು ಸಂದು, 300. ಒಟ್ಟು 3500, ಅರ್ಧ 1750. ಆದರೆ ಎರಡನೇ ಗುಂಪು ಮೊದಲನೆಯದರ ಜಾಗಕ್ಕೆ ಬರಬೇಕಾದರೆ ಎಂಟು ಚಿತ್ರ, ಎಂಟು ಸಂದು ದಾಟಬೇಕು: 1760. ಹತ್ತು ಪಿಕ್ಸೆಲ್ ಕಮ್ಮಿ, ಸರಿಯಾಗಿ ಅರ್ಧ ಸಂದು. ಚಿತ್ರಗಳ ನಡುವೆ ಮಾತ್ರ ಸಂದು ಇಡುವ ‘ಗ್ಯಾಪ್’ ತೆಗೆದು, ಪ್ರತಿ ಚಿತ್ರದ ಬಲಕ್ಕೆ 20 ಪಿಕ್ಸೆಲ್ ಮಾರ್ಜಿನ್ ಕೊಟ್ಟೆ, ಕೊನೆಯದಕ್ಕೂ. ಬಿಕ್ಕಳಿಕೆ ನಿಂತಿತು.

ಇದನ್ನೇ ಜಾವಾಸ್ಕ್ರಿಪ್ಟ್‌ನ ‘ರಿಕ್ವೆಸ್ಟ್ ಅನಿಮೇಷನ್ ಫ್ರೇಮ್’ ಹಿಡಿದು ಮಾಡುವವರು ಪರದೆ ಬಳಿಯುವ ಒಂದೊಂದು ಸಲಕ್ಕೂ ಒಂದು ಪಿಕ್ಸೆಲ್ ಅಂತ ಸರಿಸಬೇಡಿ. 120 ಹರ್ಟ್ಸ್ ಪರದೆಯ, ಅಂದರೆ ಸೆಕೆಂಡಿಗೆ 120 ಸಲ ಬಳಿಯುವ ಫೋನಿನಲ್ಲಿ ಎರಡು ಪಟ್ಟು ಜೋರಾಗಿ ಓಡುತ್ತದೆ. ಕಳೆದ ಸಮಯ ಎಷ್ಟು ಅಂತ ನೋಡಿ ಅದರ ಲೆಕ್ಕದಲ್ಲಿ ಸರಿಸಬೇಕು.

ಜಾರಾಟವೇ ಬೇಡ, ಒಂದು ಕರಗಿ ಇನ್ನೊಂದು ಮೂಡಿದರೆ ಸಾಕು ಅನ್ನುವವರಿಗೆ ಈ ತಾಪತ್ರಯ ಯಾವುದೂ ಇಲ್ಲ. ಅಲ್ಲಿ ಸಾಲೇ ಇಲ್ಲ, ಫೋಟೋಗಳೆಲ್ಲ ಒಂದರ ಮೇಲೊಂದು. ಒಂದೇ ಎಚ್ಚರಿಕೆ: ಮೇಲಿನದು ಮೂಡುವಾಗ ಕೆಳಗಿನದನ್ನೂ ಕರಗಿಸಬಾರದು. ಎರಡೂ ಅರ್ಧರ್ಧ ಇರುವಾಗ ಹಿಂದಿನ ಬಿಳಿ ಕಾಲು ಭಾಗ ಇಣುಕಿ, ಪ್ರತಿ ಸಲವೂ ಮಿಂಚಿದ ಹಾಗೆ ಆಗುತ್ತದೆ. ಕೆಳಗಿನದು ಪೂರ್ತಿ ಇರಲಿ, ಮೇಲಿನದು ಅದರ ಮೇಲೆ ಮೂಡಲಿ.

ಓಡುವ ಚಿತ್ರ ಕಂಡರೆ ತಲೆ ಸುತ್ತುವವರೂ ಇದ್ದಾರೆ. ತಾನಾಗಿ ಶುರುವಾಗಿ 5 ಸೆಕೆಂಡಿಗಿಂತ ಜಾಸ್ತಿ ಓಡುವುದಕ್ಕೆ ನಿಲ್ಲಿಸುವ ದಾರಿ ಇರಲೇಬೇಕು ಅಂತ ವೆಬ್ ಸುಗಮ್ಯತೆಯ ಅಂತರರಾಷ್ಟ್ರೀಯ ಮಾರ್ಗಸೂಚಿ ಡಬ್ಲ್ಯುಸಿಎಜಿ ಹೇಳುತ್ತದೆ. ಒಂದು ನಿಲ್ಲಿಸುವ ಗುಂಡಿ ಇಟ್ಟೆ. ಫೋನಿನ ಸೆಟ್ಟಿಂಗ್‌ನಲ್ಲೇ ಚಲನೆ ಕಡಿಮೆ ಮಾಡಿ ಅಂತ ಕೇಳಿದವರಿಗೆ ‘ಪ್ರಿಫರ್ಸ್ ರೆಡ್ಯೂಸ್ಡ್ ಮೋಷನ್’ ನೋಡಿ ಸುಮ್ಮನೆ ಮೊದಲ ಫೋಟೋ ತೋರಿಸಿದೆ. ನಕಲಿ ಎರಡಕ್ಕೂ ‘ಏರಿಯಾ ಹಿಡನ್’ ಹಾಕಿದೆ, ಇಲ್ಲದಿದ್ದರೆ ಕಣ್ಣು ಕಾಣದವರಿಗೆ ಓದಿ ಹೇಳುವ ಸ್ಕ್ರೀನ್ ರೀಡರ್ ಅಂಗಳವನ್ನು ಎರಡೆರಡು ಸಲ ವರ್ಣಿಸುತ್ತದೆ.

ಮೊನ್ನೆ ಭಾವ ಮತ್ತೆ ಫೋನ್ ಮಾಡಿದರು. ಎದೆ ಧಸಕ್ ಅಂದಿತು. ಈ ಸಲ ದೂರೇನೂ ಇರಲಿಲ್ಲ. ಜೋಗದ ಫೋಟೋ ಬೇಸಿಗೆಯದ್ದಂತೆ, ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕೂ ದಾರದ ಹಾಗೆ ಕಾಣುತ್ತಿವೆಯಂತೆ. ಮಳೆಗಾಲದ್ದೊಂದು ಕಳಿಸಿದ್ದಾರೆ, ಹಳೆಯದನ್ನೂ ತೆಗೆಯಬಾರದು. ಫೋಲ್ಡರಿಗೆ ಆರನೇ ಫೋಟೋ ಹಾಕುವಾಗ ನೆನಪಾಯಿತು, ನಾನು ಶೇಷದ ಲೆಕ್ಕದಲ್ಲಿ, ಹಾರುವ ಲೆಕ್ಕದಲ್ಲಿ, ಚುಕ್ಕಿಗಳಲ್ಲಿ, ಮೂರು ಕಡೆಯೂ 5 ಅಂತ ಕೈಯಾರೆ ಬರೆದಿದ್ದೆ. ಮೂರನ್ನೂ ಅಳಿಸಿ, ನಕಲು ಅಂಟಿಸುವ ಮೊದಲು ಪಟ್ಟಿಯಲ್ಲಿ ಎಷ್ಟು ಫೋಟೋ ಇದೆಯೋ ಅಷ್ಟು ಅಂತ ಎಣಿಸಿಕೊಳ್ಳಲು ಹೇಳಿದೆ. ಏಳನೆಯದು ಆಗುಂಬೆ ಸೂರ್ಯಾಸ್ತ, ದಾರಿಯಲ್ಲಿದೆಯಂತೆ.